ಲಾಗ್‌ಬುಕ್ಕಿನ ಗಂಟೆಗಳ ಒಳಗೆ ಏನಿರುತ್ತದೆ?

ಸೈನ್ಯ, ವಾಯುಪಡೆಯಲ್ಲಿ ಅಧಿಕಾರಿಗಳಾಗಲು ಎನ್‌ಡಿಎ, ಆಫ್‌ಕ್ಯಾಟ್ ಪರೀಕ್ಷೆಗೆ ಓದುವ ಮಕ್ಕಳು ಹಾಸನದಲ್ಲಿ ಪ್ರತಿ ವರ್ಷ ಸಿಗುತ್ತಾರೆ. ವಾಯುಪಡೆಯ ಆಯ್ಕೆ ಮಂಡಳಿ ಪಕ್ಕದ ಮೈಸೂರಿನಲ್ಲೇ ಇದೆ. ಪೈಲಟ್ ಆಗುವ ಕೈಚಳಕ ಇದೆಯೇ ಎಂದು ನೋಡುವ ಕಂಪ್ಯೂಟರ್ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಅದಕ್ಕೇ ಆತಂಕ ಜಾಸ್ತಿ. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಪ್ರತಿ ಸಲವೂ ಬರುತ್ತದೆ: "ಸರ್, ಫೈಟರ್ ವಿಮಾನ ಕೈಗೆ ಕೊಡೋ ಮೊದಲು ಎಷ್ಟು ಗಂಟೆ ಹಾರಿಸಿರಬೇಕು?"

ಒಳ್ಳೆಯ ಪ್ರಶ್ನೆ. ಪೈಲಟ್‌ನ ಲಾಗ್‌ಬುಕ್ಕಿನಲ್ಲಿ ಬರೆಯುವುದೇ ಗಂಟೆಗಳನ್ನು. ಆದರೆ ಇಬ್ಬರ ಲಾಗ್‌ಬುಕ್ಕಿನಲ್ಲಿ ಒಂದೇ ಸಂಖ್ಯೆ ಇದ್ದರೂ ಇಬ್ಬರೂ ಒಂದೇ ಮಟ್ಟದ ಪೈಲಟ್‌ಗಳಲ್ಲ. ಒಬ್ಬರು ತಿಳಿ ಆಕಾಶದಲ್ಲಿ ಗೊತ್ತಿರುವ ದಾರಿಯಲ್ಲೇ ಹೋಗಿ ಬಂದಿರಬಹುದು. ಇನ್ನೊಬ್ಬರು ಮೋಡದೊಳಗೆ, ರಾತ್ರಿಯಲ್ಲಿ, ಬೇಕಂತಲೇ ಎಂಜಿನ್ ಶಕ್ತಿ ಇಳಿಸಿ, ವಿಮಾನವನ್ನು ಬೇಕಂತಲೇ ಬೀಳಿಸಿ ಎತ್ತಿರಬಹುದು. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು ನಮ್ಮ ಒಳಕಿವಿಯಿಂದ ಶುರು ಮಾಡಬೇಕು.

ಹಾಸನದ ಒಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಾಡಿ ನೋಡಿದ ಪ್ರಯೋಗ ಇದು. ಮನೆಯಲ್ಲೂ ಮಾಡಬಹುದು. ಆಫೀಸಿನ ತಿರುಗುವ ಕುರ್ಚಿ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿ ಕಣ್ಣಿಗೆ ಟವೆಲ್ ಕಟ್ಟಿದೆವು. ಕುರ್ಚಿ ಯಾವ ಕಡೆ ತಿರುಗುತ್ತಿದೆ ಅಂತ ಹೆಬ್ಬೆರಳಿನಿಂದ ತೋರಿಸು ಎಂದೆವು. ಗೆಳತಿಯರು ಕುರ್ಚಿಯನ್ನು ಎಡಕ್ಕೆ ಒಂದೇ ವೇಗದಲ್ಲಿ ತಿರುಗಿಸತೊಡಗಿದರು. ಹೆಬ್ಬೆರಳು ಎಡಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ನೆಟ್ಟಗಾಯಿತು. "ನಿಂತಿತು" ಎಂದಳು. ಕುರ್ಚಿ ತಿರುಗುತ್ತಲೇ ಇತ್ತು! ಆಮೇಲೆ ಕುರ್ಚಿಯನ್ನು ನಿಜವಾಗಿ ನಿಲ್ಲಿಸಿದರು. ಹೆಬ್ಬೆರಳು ಬಲಕ್ಕೆ ವಾಲಿತು. "ಈಗ ಬಲಕ್ಕೆ ತಿರುಗಿಸ್ತಿದ್ದೀರ" ಎಂದಳು. ಅನುಮಾನವೇ ಇಲ್ಲದ ದನಿ. ಟವೆಲ್ ತೆಗೆದಾಗ ಅವಳ ಕಣ್ಣುಗುಡ್ಡೆಗಳು ಒಂದೇ ಕಡೆಗೆ ಪಟಪಟ ಎಳೆಯುತ್ತಿದ್ದವು.

ಅವಳು ತಪ್ಪು ಹೇಳಲಿಲ್ಲ. ಅವಳ ಕಿವಿ ಹಾಗೆ ಹೇಳಿತು. ನಮ್ಮ ಒಳಕಿವಿಯಲ್ಲಿ ಬಳೆಯಾಕಾರದ ಮೂರು ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಮಾತ್ರ ಹಿಂದೆ ಉಳಿಯುತ್ತದೆ. ಆ ದ್ರವ ಒಂದು ಮೆತ್ತನೆಯ ಪರದೆಯನ್ನು ಬಾಗಿಸುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ತಿರುಗುವ ವೇಗ ಬದಲಾಗದೆ ಮುಂದುವರಿದರೆ ದ್ರವವೂ ನಾಳದ ಜೊತೆಗೇ ತಿರುಗತೊಡಗುತ್ತದೆ. ಪರದೆ ನೆಟ್ಟಗಾಗುತ್ತದೆ. ಸುದ್ದಿ ನಿಲ್ಲುತ್ತದೆ. ಕುರ್ಚಿ ನಿಂತಾಗ ದ್ರವ ಇನ್ನೂ ಓಡುತ್ತಿರುತ್ತದೆ, ಪರದೆ ಆಚೆ ಕಡೆಗೆ ಬಾಗುತ್ತದೆ. ಇಷ್ಟೇ ಕಥೆ. ವಿಮಾನ ತುಂಬ ನಿಧಾನವಾಗಿ ಒಂದು ಕಡೆ ವಾಲಿದರಂತೂ ಈ ಪರದೆ ಅಲುಗಾಡುವುದೇ ಇಲ್ಲ.

ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋದವರಿಗೆ ಮಂಜು ಕವಿಯುವುದು ಅಂದರೆ ಏನು ಅಂತ ಗೊತ್ತು. ಸುಮಾರು 1930 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ನಾವು ಮಂಜು ಅನ್ನುವುದು ಅಸಲಿಗೆ ಮೋಡವೇ. ಸೀತಾಳಯ್ಯನಗಿರಿಯ ತಿರುವಿನಲ್ಲಿ ಬಾನೆಟ್ಟಿನ ಆಚೆ ಏನೂ ಕಾಣದಿದ್ದರೆ ಗಾಡಿ ನಿಲ್ಲಿಸಿ ಕಾಯಬಹುದು. ಪೈಲಟ್‌ಗೆ ಆ ಅನುಕೂಲ ಇಲ್ಲ. ಮೋಡದೊಳಗೆ ವಿಮಾನ ಮೆಲ್ಲಗೆ ಎಡಕ್ಕೆ ವಾಲುತ್ತದೆ. ಕಿವಿ "ನೆಟ್ಟಗಿದ್ದೇವೆ" ಅನ್ನುತ್ತದೆ. ವಾಲಿದ ವಿಮಾನದ ಮೂತಿ ಕೆಳಗಿಳಿಯುತ್ತದೆ, ವೇಗ ಏರುತ್ತದೆ. ಎತ್ತರ ಕಳೆದುಕೊಳ್ಳುತ್ತಿರುವುದು ಕಂಡು ಪೈಲಟ್ ಸ್ಟಿಕ್ಕನ್ನು, ಅಂದರೆ ಮೂತಿ ಏರಿಸಿ ಇಳಿಸುವ ಹಿಡಿಕೆಯನ್ನು, ಹಿಂದಕ್ಕೆ ಎಳೆಯುತ್ತಾರೆ. ವಾಲಿದ ಸ್ಥಿತಿಯಲ್ಲಿ ಹಾಗೆ ಎಳೆದರೆ ಮೂತಿ ಮೇಲೇಳುವ ಬದಲು ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ಪ್ರಾಣ ಉಳಿಸಿಕೊಳ್ಳಲು ಮಾಡಿದ ಕೆಲಸವೇ ಕೆಳಕ್ಕೆ ಒಯ್ಯುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. ಬರೀ ಉಪಕರಣ ನೋಡಿ ಹಾರಿಸಲು ಕಲಿಯದ 20 ಮಂದಿಯನ್ನು, ಹೊರಗೇನೂ ಕಾಣದ ಹಾಗೆ ಮಾಡಿ, ವಿಮಾನ ಹಾರಿಸಲು ಬಿಟ್ಟರು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ಇಪ್ಪತ್ತಕ್ಕೆ ಇಪ್ಪತ್ತು ಮಂದಿಯೂ ಹಿಡಿತ ತಪ್ಪಿದರು. ಸರಾಸರಿ ಹೊತ್ತು 178 ಸೆಕೆಂಡ್, ಮೂರು ನಿಮಿಷವೂ ಇಲ್ಲ. ನನಗೆ ಮುಖ್ಯ ಅನಿಸುವುದು ಅದೇ ಅಧ್ಯಯನದ ಮುಂದಿನ ಭಾಗ. ಮೋಡದಿಂದ ಹಿಂದೆ ತಿರುಗಿ ಬರುವ ಒಂದು ಸರಳ ವಿಧಾನವನ್ನು ಕೆಲವೇ ಗಂಟೆ ಕಲಿಸಿದ ಮೇಲೆ ಅವರಲ್ಲಿ ಬಹುತೇಕ ಎಲ್ಲರೂ ಪಾರಾದರು. ಎಷ್ಟೋ ಗಂಟೆ ತಿಳಿ ಆಕಾಶದಲ್ಲಿ ಹಾರಿಸಿದರೂ ಬಾರದ ವಿದ್ಯೆ ಇದು. ಬೇಕಾದ ಕೆಲವು ಗಂಟೆಗಳಲ್ಲಿ ಬಂತು.

ಮಿಲಿಟರಿಯವರು ಈ ಪಾಠ ಕಲಿತದ್ದು ಪ್ರಾಣ ತೆತ್ತು. 1934ರಲ್ಲಿ ಅಮೆರಿಕ ಸರ್ಕಾರ ಅಂಚೆ ಸಾಗಿಸುವ ಕೆಲಸವನ್ನು ದಿಢೀರನೆ ಸೈನ್ಯದ ಪೈಲಟ್‌ಗಳಿಗೆ ವಹಿಸಿತು. ಚಳಿಗಾಲ, ರಾತ್ರಿ, ಹಿಮ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಎಡ್ವಿನ್ ಲಿಂಕ್ ಎಂಬಾತ ಕೆಲ ವರ್ಷ ಮೊದಲೇ ಒಂದು ಯಂತ್ರ ಮಾಡಿಟ್ಟಿದ್ದ. ಅವರಪ್ಪ ಆರ್ಗನ್ ವಾದ್ಯ ತಯಾರಿಸುತ್ತಿದ್ದವರು. ಆ ವಾದ್ಯದ ತಿದಿ, ಗಾಳಿಕೊಳವೆಗಳನ್ನೇ ಬಳಸಿ, ನೆಲದ ಮೇಲೆ ವಾಲುವ, ತಿರುಗುವ ಪುಟ್ಟ ಕಾಕ್‌ಪಿಟ್ ಕಟ್ಟಿದ್ದ. ಅಲ್ಲಿವರೆಗೆ ಕೊಳ್ಳುವವರು ಹೆಚ್ಚಿರಲಿಲ್ಲ. ಈ ಸಾವುಗಳ ನಂತರ ಸೈನ್ಯ ಆರು ಯಂತ್ರ ಕೊಂಡಿತು. ಇವತ್ತಿನ ಸಿಮ್ಯುಲೇಟರ್‌ಗಳ ವಂಶ ಶುರುವಾಗುವುದು ಅಲ್ಲಿಂದ. ನಮ್ಮಲ್ಲಿ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ಈ ದಿಕ್ಕು ತಪ್ಪುವ ಅನುಭವವನ್ನು ನೆಲದ ಮೇಲೇ ಕೊಟ್ಟು ತೋರಿಸುತ್ತಾರೆ.

ಇನ್ನು ಕಲಿಸುವವರ ವಿಚಾರ. ಇದರಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ತರಬೇತಿಯ ಗುಣಮಟ್ಟ ಅಂದರೆ ಮೊದಲು ಇನ್‌ಸ್ಟ್ರಕ್ಟರ್‌ನ ಗುಣಮಟ್ಟ.

ಎರಡನೇ ಮಹಾಯುದ್ಧದಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಇದೆ. ಅಮೆರಿಕದವರು ಯುದ್ಧದಲ್ಲಿ ಪಳಗಿದ ಪೈಲಟ್‌ಗಳನ್ನು ಊರಿಗೆ ಕರೆಸಿ ಕಲಿಸಲು ಕೂರಿಸಿದರು. ಜಪಾನೀಯರು ತಮ್ಮ ನುರಿತವರನ್ನು ಸಾಯುವ ತನಕ ರಣರಂಗದಲ್ಲೇ ಇಟ್ಟರು. ಜರ್ಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1942ರ ಕೊನೆಗೆ ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ಸೈನ್ಯಕ್ಕೆ ಸಾಮಾನು ಸಾಗಿಸಲು ತರಬೇತಿ ಶಾಲೆಗಳ ವಿಮಾನಗಳನ್ನೂ ಇನ್‌ಸ್ಟ್ರಕ್ಟರ್‌ಗಳನ್ನೂ ಎತ್ತಿಕೊಂಡು ಹೋದರು. ಅನೇಕರು ತಿರುಗಿ ಬರಲಿಲ್ಲ. ಬಿತ್ತನೆಗೆ ಇಟ್ಟ ಬೀಜವನ್ನು ಬೇಯಿಸಿ ಉಂಡ ಹಾಗಾಯಿತು. ಮೇಲೆ ಪೆಟ್ರೋಲಿನ ಅಭಾವ. ಯುದ್ಧದ ಮೊದಲ ವರ್ಷಗಳಲ್ಲಿ ಸುಮಾರು 240 ಗಂಟೆ ಹಾರಿ ಬರುತ್ತಿದ್ದ ಜರ್ಮನ್ ಹುಡುಗರು 1944ರ ಹೊತ್ತಿಗೆ ಅದರ ಅರ್ಧದಷ್ಟನ್ನೇ ಹಾರಿ ಬರುತ್ತಿದ್ದರು. ಎದುರಿಗೆ ಬರುತ್ತಿದ್ದ ಅಮೆರಿಕನ್ ಹುಡುಗರದು ಅದರ ದುಪ್ಪಟ್ಟಿಗೂ ಹೆಚ್ಚು. ಆ ವರ್ಷ ಜರ್ಮನಿಯ ಕಾರ್ಖಾನೆಗಳಿಂದ ವಿಮಾನಗಳು ಹಿಂದೆಂದಿಗಿಂತ ಹೆಚ್ಚು ಹೊರಬಂದವು. ಕೂರಿಸಲು ಪಳಗಿದವರೇ ಇರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಫಿಲಿಪ್ಪೀನ್ ಸಮುದ್ರದ ಕದನದಲ್ಲಿ ಜಪಾನಿನ ಹೊಸ ಪೈಲಟ್‌ಗಳು ನೂರಾರು ಸಂಖ್ಯೆಯಲ್ಲಿ ಬಿದ್ದರು.

ನಮ್ಮ ನೆರೆಯ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಇಲ್ಲಿ ನೆನಪಾಗಬೇಕು. 1965ರ ಯುದ್ಧ ಶುರುವಾದಾಗ ಅವರು ಫ್ಲೈಯಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್. ಸೆಪ್ಟೆಂಬರ್ 7ರಂದು ಸರ್ಗೋಧಾ ಮೇಲಿನ ದಾಳಿಯಲ್ಲಿ ಅವರ ಮಿಸ್ಟೇರ್ ವಿಮಾನದ ಮೇಲೆ ಪಾಕಿಸ್ತಾನದ ಸ್ಟಾರ್‌ಫೈಟರ್ ಎರಗಿತು. ಶಬ್ದದ ಎರಡು ಪಟ್ಟು ವೇಗದ ವಿಮಾನ ಅದು. ವೇಗದಲ್ಲಿ ಮಿಸ್ಟೇರ್ ಅದಕ್ಕೆ ಸಾಟಿಯೇ ಅಲ್ಲ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದು, ಸುತ್ತಿನ ಕಾದಾಟಕ್ಕೆ ಎಳೆದು, ಆ ಸ್ಟಾರ್‌ಫೈಟರನ್ನು ಉರುಳಿಸಿದರು. ಅವರು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ದಿನಾ ಇನ್ನೊಬ್ಬರ ಕೈ ತಿದ್ದುತ್ತಿದ್ದವರ ಕೈ ಅದು. ಅಂಥ ಕೈಗಳನ್ನು ತಯಾರು ಮಾಡಲೆಂದೇ ಚೆನ್ನೈ ಬಳಿಯ ತಾಂಬರಂನಲ್ಲಿ ವಾಯುಪಡೆಯ ಪ್ರತ್ಯೇಕ ಶಾಲೆ ಇದೆ. ಅಲ್ಲಿ ಪಾಸಾಗದೆ ಯಾರೂ ಕಲಿಸುವಂತಿಲ್ಲ.

ಯುದ್ಧದ ಅನುಭವವನ್ನು ಯುದ್ಧವಿಲ್ಲದೆ ಕೊಡಬಹುದೇ? ವಿಯೆಟ್ನಾಂ ಯುದ್ಧದ ಲೆಕ್ಕ ತೆಗೆದ ಅಮೆರಿಕದವರಿಗೆ ಒಂದು ವಿಷಯ ಕಂಡಿತು. ಮೊದಲ ಹತ್ತು ಕಾರ್ಯಾಚರಣೆಗಳೇ ಗಂಡಾಂತರ. ಅವನ್ನು ದಾಟಿದವರು ಬದುಕುವ ಸಾಧ್ಯತೆ ಎಷ್ಟೋ ಹೆಚ್ಚು. ಹಾಗಾದರೆ ಆ ಮೊದಲ ಹತ್ತನ್ನು ಮನೆಯಲ್ಲೇ ಹಾರಿಸಿಬಿಡೋಣ ಅಂತ 1975ರಲ್ಲಿ ನೆವಾಡಾ ಮರುಭೂಮಿಯಲ್ಲಿ ರೆಡ್ ಫ್ಲಾಗ್ ಅಭ್ಯಾಸ ಶುರು ಮಾಡಿದರು. ಶತ್ರುವಿನ ಹಾಗೆ ಹಾರಿಸುವ ತಮ್ಮದೇ ಪೈಲಟ್‌ಗಳು, ನಡೆದದ್ದನ್ನು ಎಳೆ ಎಳೆಯಾಗಿ ಬಿಡಿಸುವ ಡಿಬ್ರೀಫಿಂಗ್. ನಮ್ಮ ಗ್ವಾಲಿಯರ್‌ನಲ್ಲಿರುವ ವಾಯುಪಡೆಯ ಯುದ್ಧತಂತ್ರದ ಶಾಲೆ ಟ್ಯಾಕ್‌ಡಿಯಲ್ಲೂ ನುರಿತ ಪೈಲಟ್‌ಗಳಿಗೆ ಹೀಗೇ ಸಾಣೆ ಹಿಡಿಯುತ್ತಾರೆ.

ನಮ್ಮ ದೇಶ ಎಡವಿದ್ದು ಮಧ್ಯದ ಮೆಟ್ಟಿಲಿನಲ್ಲಿ. ಕಿರಣ್‌ನಂಥ ಸೌಮ್ಯ ತರಬೇತಿ ಜೆಟ್ಟಿನಿಂದ ಇಳಿದ ಹುಡುಗರು ಸೀದಾ ಮಿಗ್-21 ಹತ್ತುತ್ತಿದ್ದರು. ಸಣ್ಣ ತ್ರಿಕೋನದ ರೆಕ್ಕೆ, ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಇಳಿಯುವ ವಿಮಾನ. ಯೋಚಿಸಲು ಸಮಯವೇ ಇಲ್ಲ. ಮಧ್ಯೆ ಒಂದು ಸುಧಾರಿತ ತರಬೇತಿ ಜೆಟ್ ಬೇಕು ಅಂತ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಹಾಕ್ ವಿಮಾನದ ಒಪ್ಪಂದ ಆದದ್ದು 2004ರಲ್ಲಿ. ಅದು ನಮ್ಮ ಬೀದರ್ ವಾಯುನೆಲೆಯಲ್ಲಿ ಸೇವೆಗೆ ಬಂದದ್ದು 2008ರಲ್ಲಿ. ಕಾಲು ಶತಮಾನ! ಅಷ್ಟು ವರ್ಷ ಮಿಗ್-21 ಅಪಘಾತ ಆದಾಗಲೆಲ್ಲ ಪೇಪರಿನಲ್ಲಿ ವಿಮಾನವನ್ನು ಬೈದದ್ದೇ ಬಂತು. ಮೆಟ್ಟಿಲು ಇಲ್ಲದಿದ್ದುದೂ ಕಾರಣ ಅಂತ ಬರೆದವರು ಕಡಿಮೆ. ಈಗ ಫೈಟರ್‌ಗೆ ಹೋಗುವವರು ಬೀದರ್ ದಾಟಿಯೇ ಹೋಗುತ್ತಾರೆ. 2016ರಲ್ಲಿ ಆಯ್ಕೆಯಾದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳೂ ಹಾಕ್ ಕಲಿತದ್ದು ಅಲ್ಲೇ.

ಕಲಿತದ್ದು ಹಾಗೇ ಉಳಿಯುತ್ತದೆಯೇ? ಇಲ್ಲ. ದೇಹವೇ ಮರೆಯುತ್ತದೆ. ಬಿಗಿಯಾಗಿ ತಿರುಗುವಾಗ ಪೈಲಟ್ ಮೇಲೆ ಬೀಳುವ ಬಲವನ್ನು ಜಿ ಲೆಕ್ಕದಲ್ಲಿ ಹೇಳುತ್ತಾರೆ. 9 ಜಿ ಅಂದರೆ 5 ಕೆ.ಜಿ.ಯ ತಲೆ 45 ಕೆ.ಜಿ. ಭಾರ. ಹೃದಯದಿಂದ ಮಿದುಳಿಗೆ ಸುಮಾರು 30 ಸೆಂ.ಮೀ. ಎತ್ತರ. ರಕ್ತವನ್ನು ಅಷ್ಟು ಮೇಲಕ್ಕೆ ತಳ್ಳಲು ಒಂದೊಂದು ಜಿಗೂ ಸುಮಾರು 22 ಮಿ.ಮೀ. ಪಾದರಸದಷ್ಟು ಒತ್ತಡ ಖರ್ಚು. ನಮ್ಮ ರಕ್ತದೊತ್ತಡ 120 ಅಂದುಕೊಳ್ಳಿ. 5 ಜಿ ದಾಟುವಷ್ಟರಲ್ಲಿ ಎಲ್ಲ ಮುಗಿಯಿತು. ಮೊದಲು ಕಣ್ಣು ಮಂಕಾಗುತ್ತದೆ, ಆಮೇಲೆ ಪ್ರಜ್ಞೆ ಹೋಗುತ್ತದೆ. ಅದಕ್ಕೇ ಕಾಲು, ಹೊಟ್ಟೆಯ ಸ್ನಾಯುಗಳನ್ನು ಕಲ್ಲಿನಂತೆ ಬಿಗಿಹಿಡಿದು, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರು ಎಳೆಯುವುದನ್ನು ಕಲಿಸುತ್ತಾರೆ. ಕಾಲು, ಹೊಟ್ಟೆಯನ್ನು ಒತ್ತಿ ಹಿಡಿಯುವ ಉಡುಪು ಜಿ-ಸೂಟ್ ಸಹಾಯ ಮಾಡುತ್ತದೆ, ಆದರೆ ಅದೊಂದೇ ಸಾಲದು. ಕೆಲ ವಾರ ಹಾರದಿದ್ದರೆ ಈ ತಾಳಿಕೆ ಇಳಿಯುತ್ತದೆ. ನೇಟೋ ದೇಶಗಳು ಫೈಟರ್ ಪೈಲಟ್‌ಗೆ ವರ್ಷಕ್ಕೆ 180 ಗಂಟೆ ಎಂಬ ಅಳತೆ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ. ಹಳೆಯ ಸಾವಿರ ಗಂಟೆ ಹೋದ ತಿಂಗಳು ಹಾರದ ಗಂಟೆಯ ಬದಲಿಗೆ ಬರುವುದಿಲ್ಲ.

ಕೊನೆಗೆ ತರಬೇತಿ ವಿಮಾನ. ರೆಕ್ಕೆಯ ಮೇಲಿನ ಗಾಳಿ ಹಿಡಿತ ಬಿಟ್ಟು, ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವುದನ್ನು ಸ್ಪಿನ್ ಅನ್ನುತ್ತಾರೆ. ಸ್ಟಿಕ್ಕನ್ನು ಹಿಂದಕ್ಕೆ ಎಳೆಯೋಣ ಅನಿಸುತ್ತದೆ. ಮಾಡಬೇಕಾದದ್ದು ಉಲ್ಟಾ: ಸುತ್ತಿನ ವಿರುದ್ಧ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ, ಸ್ಟಿಕ್ಕನ್ನು ಮುಂದಕ್ಕೆ ತಳ್ಳಬೇಕು. 1917ರಲ್ಲಿ ಇಂಗ್ಲೆಂಡಿನ ಗಾಸ್ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಎರಡು ಸೀಟಿನ ವಿಮಾನದಲ್ಲಿ ಶಿಷ್ಯರನ್ನು ಬೇಕಂತಲೇ ಸ್ಪಿನ್‌ಗೆ ಇಳಿಸಿ, ಎತ್ತುವುದನ್ನು ಕಲಿಸಿದರು. ಅಪಾಯದಿಂದ ದೂರ ಇರು ಎನ್ನುತ್ತಿದ್ದ ಕಾಲದಲ್ಲಿ ಅಪಾಯದ ಒಳಗೇ ಕರೆದುಕೊಂಡು ಹೋದರು. ಇವತ್ತಿಗೂ ಪಾಠ ಹಾಗೇ ನಡೆಯುತ್ತದೆ.

ಆದರೆ ಅದಕ್ಕೆ ಸ್ಪಿನ್‌ಗೆ ಇಳಿದು ಪ್ರತಿ ಸಲವೂ ನಂಬಬಹುದಾದ ಹಾಗೆ ಹೊರಬರುವ ವಿಮಾನ ಬೇಕು. ಅದನ್ನು ಕಟ್ಟುವುದು ಕಷ್ಟ. ಬೆಂಗಳೂರಿನ ಎಚ್‌ಎಎಲ್‌ನ ಸಿತಾರಾ ತರಬೇತಿ ಜೆಟ್ 2003ರಲ್ಲೇ ಹಾರಿದರೂ ವರ್ಷಗಟ್ಟಲೆ ಸ್ಪಿನ್ ತೊಂದರೆಯಲ್ಲೇ ಸಿಕ್ಕಿಕೊಂಡಿತ್ತು. ವಿನ್ಯಾಸ ತಿದ್ದಿದ ಮೇಲೆ ಎಡಕ್ಕೂ ಬಲಕ್ಕೂ ಆರಾರು ಸುತ್ತು ಬಿದ್ದು ಎದ್ದು ತೋರಿಸಿತು. ಅಷ್ಟರಲ್ಲಿ ಇತ್ತ ಆರಂಭದ ತರಬೇತಿಯ ದೀಪಕ್ ವಿಮಾನಗಳು ಎಂಜಿನ್ ತೊಂದರೆಯಿಂದ 2009ರಲ್ಲಿ ನೆಲ ಹಿಡಿದಿದ್ದವು. ಸ್ವಿಟ್ಜರ್ಲೆಂಡಿನ ಪಿಲಾಟಸ್ ತರಬೇತಿ ವಿಮಾನ 2013ರಲ್ಲಿ ಹೈದರಾಬಾದ್ ಹತ್ತಿರದ ದುಂಡಿಗಲ್‌ಗೆ ಬರುವ ತನಕ ಹೊಸಬರಿಗೂ ಕಿರಣ್ ಜೆಟ್ಟನ್ನೇ ಕೊಟ್ಟು ಕಲಿಸಬೇಕಾಯಿತು. ಆ ಕಿರಣ್ ಮೊದಲು ಹಾರಿದ್ದು 1964ರಲ್ಲಿ. ಈಗ ಎಚ್‌ಎಎಲ್‌ನ ಆರಂಭದ ತರಬೇತಿ ವಿಮಾನ ಎಚ್‌ಟಿಟಿ-40 ಸರದಿ. 2023ರ ಮಾರ್ಚ್‌ನಲ್ಲಿ 70 ವಿಮಾನಗಳಿಗೆ ಒಪ್ಪಂದ ಆಗಿದೆ. ಫೈಟರ್ ಖರೀದಿಯ ಸುದ್ದಿಗೆ ಟಿವಿಯಲ್ಲಿ ಸಿಗುವ ಸಮಯದ ಹತ್ತರಲ್ಲಿ ಒಂದು ಪಾಲಾದರೂ ಈ 70 ವಿಮಾನಗಳಿಗೆ ಸಿಗಲಿ ಅಂತ ನನ್ನ ಆಸೆ. ಮುಂದೆ ಆ ಫೈಟರ್‌ಗಳಲ್ಲಿ ಕೂರುವವರು ಮೊದಲ ಸ್ಪಿನ್‌ಗೆ ಇಳಿಯುವುದು ಇವುಗಳಲ್ಲಿ.