ಟೇಪ್ ಸುತ್ತಬೇಡಿ ಸ್ವಾಮಿ, ಅದು ಗಾಜು

"ವೈರ್ ಕಟ್ ಆಗಿತ್ತಣ್ಣಾ, ನಾವೇ ಜಾಯಿಂಟ್ ಮಾಡಿದ್ದೀವಿ. ಗಟ್ಟಿಯಾಗೇ ಇದೆ. ಆದ್ರೂ ನೆಟ್ ಬರ್ತಿಲ್ಲ."

ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಫೈಬರ್ ಕೆಲಸ ಮಾಡುತ್ತಾ ಹದಿಮೂರು ವರ್ಷವಾಯಿತು. ರೂಟರ್ ಆಫ್ ಮಾಡಿ ಆನ್ ಮಾಡುವುದು ಈಗ ಮಕ್ಕಳಿಗೂ ಗೊತ್ತು, ಅದನ್ನು ಬರೆಯಲ್ಲ. ಈ ಟೇಪಿನ ವಿಷಯ ಮಾತ್ರ ಎಷ್ಟು ಹೇಳಿದರೂ ಯಾರ ತಲೆಗೂ ಹೋಗುತ್ತಿಲ್ಲ.

ಶ್ರೀನಿವಾಸಪುರದ ಹತ್ತಿರ ಮಾವಿನ ತೋಪಿನ ನಡುವೆ ಒಂದು ಮನೆ. ಅಳಿಲು ವೈರ್ ಕಡಿದಿತ್ತು. ಮನೆಯ ಯಜಮಾನರು ಮೂವತ್ತು ವರ್ಷ ಬೋರ್‌ವೆಲ್ ಮೋಟರ್ ರಿಪೇರಿ ಮಾಡಿದವರು. ನಾನು ಹೋಗುವಷ್ಟರಲ್ಲಿ ಜಾಯಿಂಟ್ ರೆಡಿ. ಎಂಥ ಜಾಯಿಂಟ್ ಅಂತೀರಿ! ಎರಡು ಕಂಬಿಯನ್ನೂ ಸಮವಾಗಿ ಹೊಸೆದು, ಬೇರೆ ಬೇರೆ ಟೇಪ್ ಸುತ್ತಿ, ಮೇಲೆ ಎಂ-ಸೀಲ್ ಮೆತ್ತಿದ್ದರು. ಮೋಟರ್‌ಗಾಗಿದ್ದರೆ ಹತ್ತು ವರ್ಷ ಅಲ್ಲಾಡುತ್ತಿರಲಿಲ್ಲ.

"ನಡುವೆ ಒಂದು ಸಣ್ಣ ಎಳೆ ಇತ್ತಲ್ಲ ಯಜಮಾನ್ರೇ, ಅದೆಲ್ಲಿ?" ಅಂದೆ.

"ಆ ದಾರಾನಾ? ಅಡ್ಡ ಬರ್ತಿತ್ತು. ಹಲ್ಲಲ್ಲಿ ಕಚ್ಚಿ ಕಿತ್ತಾಕ್ದೆ ಕಣಪ್ಪಾ."

ನಿಮ್ಮ ಮನೆಯಲ್ಲಿರುವುದು ಗಾಳಿ ಮೂಲಕ ಬರುವ ನೆಟ್ ಅಲ್ಲ, ವೈರ್ ನೆಟ್ ಆಗಿದ್ದರೆ ಕಂಬದಿಂದ ಒಂದು ಚಪ್ಪಟೆ ಕಪ್ಪು ವೈರ್ ಬಂದಿರುತ್ತದೆ. ಅದರೊಳಗೆ ಆಚೀಚೆ ಕಾಣುವ ಎರಡು ಸ್ಟೀಲ್ ಕಂಬಿ ಸುಮ್ನೆ ಕಾವಲಿಗೆ. ಎಳೆದರೆ ಕಿತ್ತು ಬರದಿರಲಿ ಅಂತ ಹಾಕಿರುತ್ತಾರೆ. ಅವುಗಳಲ್ಲಿ ಏನೂ ಹರಿಯುವುದಿಲ್ಲ. ನೆಟ್ ಬರುವುದು ನಡುವಿನ 'ದಾರ'ದಲ್ಲಿ. ಅದು ದಾರವೂ ಅಲ್ಲ, ನೈಲಾನೂ ಅಲ್ಲ, ಗಾಜು. ಅದರಲ್ಲಿ ಹೋಗುವುದು ಕರೆಂಟ್ ಅಲ್ಲ, ಬೆಳಕು.

ತಪ್ಪು ಅವರದು ಅಂತ ಹೇಳಲಾರೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಎಳೆತಂದ ಜಿಲ್ಲೆ ನಮ್ಮದು. ವೈರ್ ಅಂದರೆ ಕರೆಂಟ್ ಎಂಬುದು ನಮಗೆ ಅಜ್ಜನ ಕಾಲದ ಅಭ್ಯಾಸ. ಕರೆಂಟಿಗೆ ಲೋಹ ಲೋಹ ತಾಗಿದರೆ ಸಾಕು, ವಕ್ರವಾಗಿದ್ದರೂ ದಾಟಿಕೊಂಡು ಹೋಗುತ್ತದೆ. ಬೆಳಕಿಗೆ ಆ ಸಡಿಲ ಇಲ್ಲ.

ಲೆಕ್ಕ ನೋಡಿ. ಆ ಗಾಜಿನ ಎಳೆ 125 ಮೈಕ್ರಾನ್ ದಪ್ಪ. ಎಂಟು ಎಳೆ ಪಕ್ಕಪಕ್ಕ ಇಟ್ಟರೆ ಒಂದು ಮಿಲಿಮೀಟರ್. ಆ ಎಳೆಯಲ್ಲೂ ಬೆಳಕು ಪೂರ್ತಿ ಅಗಲಕ್ಕೆ ಹೋಗುವುದಿಲ್ಲ, ನಟ್ಟನಡುವೆ ಸುಮಾರು 9 ಮೈಕ್ರಾನಿನ ದಾರಿಯಲ್ಲೇ ಹೋಗಬೇಕು. ತುಂಡಾದ ಎರಡು ತುದಿಗಳ ಆ 9 ಮೈಕ್ರಾನ್ ಒಂದಕ್ಕೊಂದು ಎದುರುಬದುರು ಕೂರಬೇಕು. ಕೈಯಲ್ಲಿ ಹೊಸೆದು ಕೂರಿಸುತ್ತೀರಾ? ನನ್ನ ಕೈಲೂ ಆಗುವುದಿಲ್ಲ.

ಅದಕ್ಕೇ ಮಷಿನ್ ಬೇಕು. ಯಜಮಾನರ ಜಗಲಿ ಮೇಲೇ ಬಿಚ್ಚಿಟ್ಟು ತೋರಿಸಿದೆ. ಎಳೆಯ ಮೇಲಿನ ಬಣ್ಣದ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ತುದಿಯನ್ನು ನೇರ ಕತ್ತರಿಸಿ, ಎರಡೂ ಕಡೆಯಿಂದ ಮಷಿನ್‌ಗೆ ಕೊಟ್ಟೆ. ಸ್ಕ್ರೀನಿನಲ್ಲಿ ಎರಡು ದಪ್ಪ ಕೊಳವೆ ಎದುರುಬದುರು ಬಂದ ಹಾಗೆ ಕಾಣುತ್ತದೆ. ಒಂದು ಚೂರು ಮೇಲೆ, ಒಂದು ಚೂರು ಕೆಳಗೆ ಸರಿದು ನಿಂತವು. ಚಿಟ್ ಅಂತ ಒಂದು ಕಿಡಿ. ಗಾಜು ಕರಗಿ ಒಂದಾಯಿತು. ಯಜಮಾನರು ಕನ್ನಡಕ ಮೇಲೆತ್ತಿ ನೋಡಿ, "ಇದು ವೆಲ್ಡಿಂಗೇ ಅಲ್ವೇನಪ್ಪಾ!" ಅಂದರು. ಹೌದು, ವೆಲ್ಡಿಂಗೇ. ಇಷ್ಟು ವರ್ಷದಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಆದರೆ ಹಲ್ಲಲ್ಲಿ ಕಚ್ಚಿದ್ದಕ್ಕೆ ಮಾತ್ರ ಬೈದೆ. ಗಾಜಿನ ಚೂರು ಚರ್ಮಕ್ಕೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ತೆಗೆಯುವುದೂ ಕಷ್ಟ. ಹೊಟ್ಟೆಗೆ ಹೋದರೆ ಏನಾಗುತ್ತದೋ ಡಾಕ್ಟರ್ ಹೇಳಬೇಕು. ನಾವು ತುಂಡುಗಳನ್ನು ಡಬ್ಬಿಯಲ್ಲೇ ಹಾಕಿಕೊಂಡು ಹೋಗುತ್ತೇವೆ. ಇನ್ನು ಕೆಲವರು ಬೆಳಕು ಬರುತ್ತಿದೆಯಾ ಅಂತ ತುದಿಯನ್ನು ಕಣ್ಣಿಗೆ ಹಿಡಿಯುತ್ತಾರೆ. ಮನೆಗೆ ಬರುವ ಬೆಳಕು ತೀರಾ ಸಣ್ಣದು, ಅದರಿಂದ ತೊಂದರೆ ಆಗಲಿಕ್ಕಿಲ್ಲ. ಆದರೂ ಆ ಅಭ್ಯಾಸ ಬೇಡ. ಹೇಗೂ ಅದು ಕಣ್ಣಿಗೆ ಕಾಣದ ಬೆಳಕು.

ಎಷ್ಟು ಸಣ್ಣದು ಅಂದರೆ, ಬೆಳಕು ಅಳೆಯುವ ನಮ್ಮ ಪವರ್ ಮೀಟರ್‌ನಲ್ಲಿ ಮೈನಸ್ 20 ಡಿಬಿಎಂ (ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ) ಬಂದರೆ ನಾವು ಖುಷಿಯಾಗಿ ಮನೆಗೆ ಹೋಗುತ್ತೇವೆ. ಅದು ಒಂದು ಮಿಲಿವ್ಯಾಟಿನ ನೂರನೇ ಒಂದು ಪಾಲು. ಮೈನಸ್ 27 ದಾಟಿದರೆ ನಿಮ್ಮ ಬಾಕ್ಸ್ ಒದ್ದಾಡಲು ಶುರು. ಇವೆರಡರ ನಡುವಿನ ಅಂತರ ನೀವು ವೈರ್ ಮಡಚಿದರೂ ಸಾಕು, ಕರಗುತ್ತದೆ. ಬಂಗಾರಪೇಟೆಯಲ್ಲಿ ಒಬ್ಬ ಅಕ್ಕ ಮನೆಯೊಳಗೆ ಬಾಕ್ಸಿಗೆ ಹೋಗುವ ಹಳದಿ ವೈರಿನಲ್ಲಿ ಉಳಿದದ್ದನ್ನು ಸುರುಳಿ ಸುತ್ತಿ, ಗಟ್ಟಿಯಾಗಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿದ್ದರು. ನೋಡಲು ಚೆಂದ. ರಾತ್ರಿಯೆಲ್ಲ ನೆಟ್ ಬಂದು ಹೋಗುತ್ತಿತ್ತು. ನಾನು ಕೆಂಪು ಲೈಟಿನ ಪೆನ್ ಹಾಕಿ ತೋರಿಸಿದೆ. ಹಳದಿ ವೈರಿನ ಮಡಿಕೆಯಲ್ಲಿ ಕೆಂಡದ ಹಾಗೆ ಕೆಂಪಗೆ ಹೊಳೆಯಿತು. "ಅಯ್ಯೋ, ಸೋರ್ತಿದೆ" ಅಂದರು. ಸೋರುವುದೇ ಅದು. ಮಡಚಿದ ಕಡೆ ಬೆಳಕು ಆಚೆ ಹೋಗಿಬಿಡುತ್ತದೆ. ಬಳೆಯಷ್ಟು ದೊಡ್ಡ ಸುರುಳಿ ಮಾಡಿದರೆ ಸಾಕು, ಅದಕ್ಕಿಂತ ಚಿಕ್ಕದು ಬೇಡ.

ಪೇಟೆಯಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ವಾದಕ್ಕೇ ನಿಂತಿದ್ದ. ಸಮುದ್ರದ ಕೆಳಗಿನ ಕೇಬಲ್‌ನಲ್ಲಿ ತಾಮ್ರ ಇದೆಯಲ್ಲ ಅಂತ. ಇದೆಯಪ್ಪಾ. ಮುಂಬೈ, ಚೆನ್ನೈ ದಡಕ್ಕೆ ಬರುವ ಕೇಬಲ್‌ಗಳಲ್ಲಿ ತಾಮ್ರ ಇರುತ್ತದೆ. ದಾರಿಯುದ್ದಕ್ಕೂ ಬೆಳಕನ್ನು ಮತ್ತೆ ಜೋರು ಮಾಡುವ ಪೆಟ್ಟಿಗೆಗಳಿರುತ್ತವೆ, ಅವುಗಳಿಗೆ ಕರೆಂಟ್ ಕೊಡಲು ಅದು. ನೀನು ನೋಡುವ ವಿಡಿಯೋ ಬರುವುದು ಅಲ್ಲೂ ಕೂದಲೆಳೆಯಂಥ ಗಾಜಿನಲ್ಲೇ.

ಜೆಸಿಬಿಯವರ ಬಗ್ಗೆ ಬರೆದರೆ ಜಗಳವಾಗುತ್ತದೆ, ಆದರೂ ಒಂದು ಮಾತು. ಪೈಪ್‌ಲೈನಿಗೆ ಅಗೆಯುವಾಗ ಕೇಬಲ್ ಸಿಕ್ಕಿದರೆ ದಯವಿಟ್ಟು ಎಳೆಯಬೇಡಿ. ಬಕೆಟ್ ಎಳೆದ ಕಡೆ ಒಂದು ತುಂಡಾದರೆ, ಆಚೆ ಎಲ್ಲೋ ದೂರದಲ್ಲಿ ಒಳಗಿನ ಗಾಜು ಇನ್ನೊಂದು ಕಡೆ ಮುರಿದಿರುತ್ತದೆ. ಮುಳಬಾಗಿಲು ರೋಡಿನಲ್ಲಿ ಒಮ್ಮೆ 24 ಎಳೆಯ ಕೇಬಲ್ ಕಿತ್ತವರು ಎರಡೂ ತುದಿಗೆ ಗಂಟು ಹಾಕಿ, ಮಣ್ಣು ಮುಚ್ಚಿ ಹೋಗಿದ್ದರು. ಗಂಟು! ರಾತ್ರಿ ಹನ್ನೊಂದಕ್ಕೆ ಮೊಬೈಲ್ ಟಾರ್ಚ್‌ನಲ್ಲಿ ನಾವು ಅದನ್ನು ಹುಡುಕಿ ಅಗೆದೆವು. ಆಮೇಲೆ ನೀಲಿ, ಕಿತ್ತಳೆ, ಹಸಿರು, ಕಂದು ಅಂತ ಬಣ್ಣ ನೋಡಿಕೊಂಡು ಒಂದೊಂದೇ ಎಳೆ ಸೇರಿಸಿದಾಗ ಬೆಳಗಿನ ಹಾಲಿನ ವ್ಯಾನ್ ಬಂದಿತ್ತು. ಅಗೆಯುವ ಮೊದಲು ತಿಳಿಸಲು ಸರ್ಕಾರ 2023ರಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ಫೋನ್‌ನಲ್ಲಿ ಹಾಕಿಕೊಳ್ಳಿ.

ಮನೆ ವೈರ್ ತುಂಡಾದರೆ ಎರಡೂ ತುದಿ ಹಾಗೇ ಬಿಡಿ. ಸುಲಿಯಬೇಡಿ, ಕತ್ತರಿಸಬೇಡಿ. ನೀವು ಒಂದೊಂದು ಅಡಿ ಸುಲಿದರೆ ನಮಗೆ ಅಷ್ಟೂ ಉದ್ದ ಕಡಿಮೆ. ಎಳೆದು ಸೇರಿಸಲು ಸಾಲದಿದ್ದರೆ ಕಂಬದಿಂದ ಹೊಸ ವೈರೇ ಎಳೆಯಬೇಕು. ಅದರ ದುಡ್ಡು ಕೇಳಿದಾಗ ನೀವು ನನ್ನ ಮೇಲೆ ರೇಗುತ್ತೀರಿ.

ಮೊನ್ನೆ ಯಜಮಾನರ ಫೋನ್ ಬಂತು. ಮತ್ತೆ ಅಳಿಲು. "ಏನೂ ಮುಟ್ಟಿಲ್ಲ ಕಣಪ್ಪಾ, ಬಾ" ಅಂದರು. ಹೋದೆ. ಎರಡೂ ತುದಿಗೆ ಹಾಲಿನ ಕವರ್ ಸುತ್ತಿ, ಮಳೆ ಬೀಳದ ಹಾಗೆ ಕೊಂಬೆಗೆ ಕಟ್ಟಿದ್ದರು. ಗಾಜಿನ ಎಳೆ ಎರಡೂ ಕಡೆ ಹಾಗೇ ಇತ್ತು. ಕವರ್ ಬಿಚ್ಚಿ ನೋಡಿದರೆ ಸ್ಟೀಲ್ ಕಂಬಿ ಎರಡನ್ನೂ ಹೊಸೆದು ಟೇಪ್ ಸುತ್ತಿದ್ದರು.

"ಸುಮ್ನೆ ಕೂತ್ಕೊಳ್ಳಕ್ಕಾಗ್ಲಿಲ್ಲ ಕಣಪ್ಪಾ," ಅಂದರು. "ನಿನ್ನ ದಾರ ಮುಟ್ಟಿಲ್ಲ."