ಮೂರು ಸ್ಪೈಸ್ಡ್ ರಮ್ ಎದುರಿಗಿಟ್ಟರೂ ರುಚಿ ಒಂದೇ ಅನಿಸುವುದೇಕೆ?

ಪ್ರಶ್ನೆ: ಕ್ಯಾಪ್ಟನ್ ಮಾರ್ಗನ್, ಸೇಲರ್ ಜೆರ್ರಿ, ಕ್ರಾಕನ್ ಎಂಬ ಮೂರು ಸ್ಪೈಸ್ಡ್ (ಮಸಾಲೆಯ ಪರಿಮಳ ಬೆರೆಸಿದ) ರಮ್‌ಗಳನ್ನು ಒಟ್ಟಿಗೆ ರುಚಿ ನೋಡಿದೆವು. ಮೊದಲನೆಯದು ಗೊತ್ತಾಯಿತು, ಆಮೇಲೆ ಬರೀ ವೆನಿಲಾ, ಸಿಹಿ, ಉರಿ. ವ್ಯತ್ಯಾಸ ಹಿಡಿಯುವುದು ಹೇಗೆ?

ನಾಲಿಗೆಯನ್ನು ದೂರಬೇಡಿ, ಮೊದಲು ಲೇಬಲ್ ಓದಿ. ಅಮೆರಿಕದ ಬಾಟಲಿಗಳಲ್ಲಿ ಕ್ಯಾಪ್ಟನ್ ಮಾರ್ಗನ್ ಶೇ 35, ಸೇಲರ್ ಜೆರ್ರಿ ಶೇ 46, ಕ್ರಾಕನ್ ಶೇ 47 ಆಲ್ಕೋಹಾಲ್. ಬ್ರಿಟನ್ನಿನಲ್ಲಿ ಕೊನೆಯ ಎರಡೂ ಶೇ 40. ಹಾಗೇ ಕುಡಿದರೆ ನೀವು ಹೋಲಿಸುವುದು ಮಸಾಲೆಯನ್ನಲ್ಲ, ಉರಿಯನ್ನು.

ಆದ್ದರಿಂದ ಎಲ್ಲವನ್ನೂ ಶೇ 35ಕ್ಕೆ ಇಳಿಸಿ. ತಲಾ 15 ಮಿ.ಲೀ. ರಮ್ ಸಾಕು. ಶೇ 47ರದ್ದಕ್ಕೆ 5 ಮಿ.ಲೀ., 46ರದ್ದಕ್ಕೆ ಸುಮಾರು 4.7, 40ರದ್ದಕ್ಕೆ 2 ಮಿ.ಲೀ. ನೀರು. ಮಕ್ಕಳಿಗೆ ಔಷಧಿ ಹಾಕುವಂಥ ಸೂಜಿಯಿಲ್ಲದ ಹೊಸ ಸಿರಿಂಜ್ ಇದ್ದರೆ ಅಳತೆ ತಪ್ಪುವುದಿಲ್ಲ. ನೀರು ಬಿದ್ದಾಗ ಮಬ್ಬಾದರೆ ಅದರಲ್ಲಿ ಮಸಾಲೆಯ ಇಲ್ಲವೇ ಕಿತ್ತಳೆ ಸಿಪ್ಪೆಯ ಎಣ್ಣೆ ಇದೆ ಎಂದು ಊಹಿಸಬಹುದು. ಐಸ್ ಬೇಡವೇ ಬೇಡ. ತಣ್ಣಗಾದರೆ ಪರಿಮಳ ಮೇಲೇಳುವುದಿಲ್ಲ. ಬಾಯಿ ಕಿರಿದಾದ ಒಂದೇ ಥರದ ಗ್ಲಾಸುಗಳಿಗೆ ಹಾಕಿ, ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಇನ್ನೊಬ್ಬರು ಗುರುತು ಹಾಕಲಿ. ಕ್ರಾಕನ್‌ನ ಕಪ್ಪು ಬಣ್ಣ ಕಂಡರೆ ಮನಸ್ಸು ಮೊದಲೇ ‘ಗಾಢ’ ಎಂದು ತೀರ್ಮಾನಿಸಿಬಿಡುತ್ತದೆ. ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ, ವಯಸ್ಸಿನ ಲೆಕ್ಕ ಅದರಲ್ಲಿಲ್ಲ.

ಮೂರನ್ನೂ ಮೂಸಿ, ಬರೆದಿಟ್ಟುಕೊಂಡ ನಂತರವೇ ಕುಡಿಯಿರಿ. ಮೂಸುವಾಗ ಬಾಯಿ ತುಸು ತೆರೆದಿರಲಿ, ಆಲ್ಕೋಹಾಲ್ ಮೂಗಿಗೆ ಚುಚ್ಚುವುದು ತಗ್ಗುತ್ತದೆ. ವೆನಿಲಾ ಎಲ್ಲದರಲ್ಲೂ ಮುಂದೆ ಬಂದು ನಿಲ್ಲುತ್ತದೆ, ಅದನ್ನು ದಾಟಿ ಹುಡುಕಿ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ಅಂಶ ನಾಲಿಗೆಯನ್ನು ಮರಗಟ್ಟಿಸುತ್ತದೆ. ಮೂಗಿಗೆ ಲವಂಗ ಜೋರಾಗಿ ಬಡಿದದ್ದನ್ನು ಕೊನೆಗಿಡಿ. ಆಲ್ಕೋಹಾಲಿನ ಉರಿ ಬೇಗ ಇಳಿಯುತ್ತದೆ. ಶುಂಠಿ, ದಾಲ್ಚಿನ್ನಿಯ ಬಿಸಿ ನುಂಗಿದ ಮೇಲೂ ಉಳಿಯುತ್ತದೆ. ಗುಟುಕಿನ ನಡುವೆ ನೀರು, ಉಪ್ಪು-ಎಣ್ಣೆ ಇಲ್ಲದ ಮಂಡಕ್ಕಿ, ಎರಡು ನಿಮಿಷದ ಬಿಡುವು. ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ರಮ್ ಬೇಡ, ಉಗುಳಿದರೆ ಇನ್ನೂ ಒಳ್ಳೆಯದು.

ನಾಲ್ಕನೆಯದಾಗಿ ಸ್ಪೈಸ್ಡ್ ಅಲ್ಲದ ರಮ್ ಒಂದನ್ನು ಇಡಲೇಬೇಕು. ನಮ್ಮಲ್ಲಿ ಎಲ್ಲೆಡೆ ಸಿಗುವ ಓಲ್ಡ್ ಮಾಂಕ್ (ಶೇ 42.8, ನೀರು 3.3 ಮಿ.ಲೀ.) ಈ ಕೆಲಸಕ್ಕೆ ಚೆನ್ನ. ಲೇಬಲ್ಲಿನಲ್ಲಿ ಸ್ಪೈಸ್ಡ್ ಎಂದಿಲ್ಲದಿದ್ದರೂ ಅದರಲ್ಲಿ ವೆನಿಲಾದ ಛಾಯೆ ಢಾಳಾಗಿಯೇ ಇದೆ. ಪಕ್ಕದಲ್ಲಿಟ್ಟಾಗ ಉಳಿದವುಗಳ ಮಸಾಲೆ ಎಷ್ಟೆಂಬುದು ಬಿಡಿಸಿ ಕಾಣುತ್ತದೆ.

ಇನ್ನು ಸಿಹಿ. ಐರೋಪ್ಯ ಒಕ್ಕೂಟದಲ್ಲಿ ಬರೀ ‘ರಮ್’ ಎಂದು ಮಾರಬೇಕಾದರೆ ಕನಿಷ್ಠ ಶೇ 37.5 ಆಲ್ಕೋಹಾಲ್ ಇರಬೇಕು, ಬೇರೆ ಪರಿಮಳ ಸೇರಿಸುವಂತಿಲ್ಲ, ಸಿಹಿ ಲೀಟರಿಗೆ 20 ಗ್ರಾಂ ಮೀರುವಂತಿಲ್ಲ. ಸ್ಪೈಸ್ಡ್ ರಮ್ ಆ ವರ್ಗದಿಂದ ಹೊರಗಿರುವುದರಿಂದ ಸಕ್ಕರೆಯ ಆ ಕಟ್ಟೂ ಅದಕ್ಕಿಲ್ಲ. ಸಕ್ಕರೆ ನಾಲಿಗೆಗೆ ಅಂಟಿ ಮುಂದಿನ ಗ್ಲಾಸಿನ ರುಚಿಯನ್ನು ಮುಚ್ಚುತ್ತದೆ. ಯಾವುದರಲ್ಲಿ ಹೆಚ್ಚಿದೆ ಎಂದು ತಿಳಿಯಲು, ನೀರು ಬೆರೆಸದ ಒಂದೊಂದು ಟೀ ಚಮಚ ರಮ್ಮನ್ನು ಬೇರೆ ಬೇರೆ ತಟ್ಟೆಗೆ ಹಾಕಿ, ಪೂರ್ತಿ ಆರಿದ ಮೇಲೆ ಬೆರಳಿಂದ ಮುಟ್ಟಿ ನೋಡಿ. ಹೆಚ್ಚು ಅಂಟಿದ್ದನ್ನು ಮುಂದಿನ ಸಲ ಸರದಿಯಲ್ಲಿ ಹಿಂದಕ್ಕೆ ಹಾಕಿ.