ಎಚ್‌ಪಿವಿ ಲಸಿಕೆ: ಬೇರೆ ಔಷಧಿ ನಡೆಯುತ್ತಿದ್ದರೆ ಏನು ನೋಡಬೇಕು?

ಎಚ್‌ಪಿವಿ ಅಂದರೆ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್. ನಮ್ಮ ನರ್ಸಿಂಗ್ ನೋಟ್ಸ್‌ನಲ್ಲಿ ಅದರ ಲಸಿಕೆಯ ಈ ಭಾಗ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ಆದರೆ ಲಸಿಕೆ ಹಾಕುವ ಜಾಗದಲ್ಲಿ ತಾಯಂದಿರು ಕೇಳುವುದೇ ಇದನ್ನು, "ಮಗಳು ಮಾತ್ರೆ ತಗೊಳ್ತಿದ್ದಾಳೆ, ಇಂಜೆಕ್ಷನ್ ಹಾಕಿಸಬಹುದಾ ಸಿಸ್ಟರ್?"

ಹೆಚ್ಚಿನ ಸಲ ಹಾಕಿಸಬಹುದು. ಕಾರಣ ಗೊತ್ತಿದ್ದರೆ ಬಾಯಿಪಾಠ ಬೇಕಾಗಿಲ್ಲ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಇರುವುದು ವೈರಸ್ಸಿನ ಹೊರಕವಚದ ಎಲ್1 ಪ್ರೋಟೀನ್ ಮಾತ್ರ. ಗಾರ್ಡಸಿಲ್ ಎಂಬ ಬ್ರಾಂಡಿಗೂ ನಮ್ಮ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೂ ಅದನ್ನು ಯೀಸ್ಟ್‌ನಲ್ಲಿ ತಯಾರಿಸುತ್ತಾರೆ, ಅದಕ್ಕೇ ಯೀಸ್ಟ್‌ಗೆ ತೀವ್ರ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಬೇಕು. ವೈರಸ್ಸೇ ಇಲ್ಲದ ಮೇಲೆ ಸೋಂಕಿನ ಭಯ ಎಲ್ಲಿಂದ ಬರಬೇಕು? ಆ್ಯಂಟಿಬಯೋಟಿಕ್, ಥೈರಾಯ್ಡ್ ಮಾತ್ರೆ, ಶುಗರ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಇವ್ಯಾವುವೂ ಅಡ್ಡಿಯಲ್ಲ. ಹೆಪಟೈಟಿಸ್ ಬಿ, ಟಿಡ್ಯಾಪ್ (ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮಿನದು) ಲಸಿಕೆಗಳನ್ನೂ ಅದೇ ದಿನ ಬೇರೆ ಜಾಗಕ್ಕೆ ಹಾಕಬಹುದು.

ಗಮನ ಜಾಸ್ತಿ ಬೇಕಾಗಿರುವುದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿಗೆ. ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಸಂಧಿವಾತ ಇರುವವರು, ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್ ತರಹದವು. ಇವರಿಗೂ ಲಸಿಕೆ ಸುರಕ್ಷಿತವೇ, ಆದರೆ ದೇಹ ಪ್ರತಿಕಾಯಗಳನ್ನು (ರೋಗಾಣುವಿನ ವಿರುದ್ಧ ಹೋರಾಡುವ ಪ್ರೋಟೀನ್) ಕಡಿಮೆ ತಯಾರಿಸಬಹುದು. ಹಾಗಾಗಿಯೇ 9ರಿಂದ 14 ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ 2 ಡೋಸ್ ಸಾಕಾದರೂ, ಇಂಥ ಔಷಧಿಯಲ್ಲಿರುವವರಿಗೆ ಅದೇ ವಯಸ್ಸಿನಲ್ಲೂ 3 ಡೋಸ್ ಹೇಳುತ್ತಾರೆ: ಮೊದಲನೆಯದು, 1-2 ತಿಂಗಳ ನಂತರ ಎರಡನೆಯದು, 6ನೇ ತಿಂಗಳಿಗೆ ಮೂರನೆಯದು. ಎಚ್‌ಐವಿ ಇರುವವರಿಗೂ ಇದೇ ಲೆಕ್ಕ. ಗರ್ಭಕಂಠದ ಕ್ಯಾನ್ಸರ್ ಅಪಾಯ ಇವರಿಗೇ ಹೆಚ್ಚು, ಹಾಗಿರುವಾಗ "ನಿಮಗೆ ಬೇಡ ಬಿಡಿ" ಅಂತ ವಾಪಸ್ ಕಳಿಸುವುದು ನಿಜಕ್ಕೂ ಅನ್ಯಾಯ ಅಲ್ವಾ?

ಲಸಿಕೆಗೋಸ್ಕರ ಮಾತ್ರೆಯನ್ನು ತಾವಾಗೇ ನಿಲ್ಲಿಸಬಾರದು, ಇದನ್ನು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಿ. ಲೂಪಸ್ ಉಲ್ಬಣಿಸಿದರೆ ಕಿಡ್ನಿಗೇ ಪೆಟ್ಟು ಬೀಳಬಹುದು. ರಿಟುಕ್ಸಿಮ್ಯಾಬ್ ಎಂಬ ಔಷಧಿ ಮಾತ್ರ ಬೇರೆ ಕಥೆ: ಅದು ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳನ್ನೇ ಅಳಿಸುತ್ತದೆ, ಆದ್ದರಿಂದ ಲಸಿಕೆಯ ದಿನವನ್ನು ಅವರ ಡಾಕ್ಟರೇ ಹೊಂದಿಸಬೇಕು.

ಗರ್ಭಿಣಿಯಾಗಿದ್ದರೆ ಹೆರಿಗೆಯ ನಂತರಕ್ಕೆ ಮುಂದೂಡುತ್ತಾರೆ, ಹಾಲೂಡಿಸುವಾಗ ತೊಂದರೆಯಿಲ್ಲ. ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಬಹುದು, ಬರುವ ಮೊದಲೇ ಸುಮ್ನೆ ಕೊಡುವುದು ಬೇಡ.

ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಮಾತ್ರ ಕೈಚಳಕ ಬೇಕು, ಯಾಕೆಂದರೆ ಇದು ಸ್ನಾಯುವಿಗೆ ಹಾಕುವ ಇಂಜೆಕ್ಷನ್. 23 ಗೇಜ್ ಅಥವಾ ಅದಕ್ಕಿಂತ ಸಣ್ಣ ಸೂಜಿ ತೆಗೆದುಕೊಳ್ಳಿ, ಚುಚ್ಚಿದ ಜಾಗವನ್ನು ಉಜ್ಜದೆ ಕನಿಷ್ಠ 2 ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ಆಮೇಲೆ ಎಲ್ಲರಂತೆ ಅವರನ್ನೂ 15 ನಿಮಿಷ ಕೂರಿಸಿ, ಈ ವಯಸ್ಸಿನವರಿಗೆ ಇಂಜೆಕ್ಷನ್ ಆದಮೇಲೆ ತಲೆಸುತ್ತು ಬರುವುದುಂಟು.